ಬೀರಪ್ಪನ ಹನ್ನೊಂದು ನಿಮಿಷ

ನಾನು ನಿವೃತ್ತಳಾದ ದಿನ ಕಚೇರಿಯಲ್ಲಿ ಶಾಲು ಹೊದಿಸಿ, ತೆಂಗಿನಕಾಯಿ ಕೈಗಿಟ್ಟು, ಹೊಸ ಚೇರಮನ್ನರು ಭಾಷಣ ಮಾಡಿದರು. ‘ಮಹಾದೇವಿ ಅಕ್ಕಾರ ಇಷ್ಟ ವರ್ಷದಾಗ ಕಂಪ್ಯೂಟರಿನ ಕೆಲಸದಾಗ ಒಂದೂ ತಪ್ಪು ಮಾಡಲಿಲ್ಲ’ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ಅಲ್ಲ ಎನ್ನಬೇಕಿತ್ತು. ಬಾಯಲ್ಲಿ ಪೇಢೆ ಇತ್ತು, ಸುಮ್ಮನಾದೆ. ಆ ಮಾತು ಅಂದಿನಿಂದ ಮುಳ್ಳಿನ ಹಾಗೆ ಚುಚ್ಚುತ್ತಲೇ ಇದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಾದರೂ ನಿಜ ತಿಳಿದುಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಯಾವಾಗ ಕಾಯಂ ಆದೆ, ಯಾವಾಗ ಕುರ್ಚಿ ಬದಲಾಯಿತು ಎಂಬುದೆಲ್ಲ ಯಾರಿಗೂ ಬೇಡದ ವಿಷಯ, ಬಿಟ್ಟುಬಿಡುತ್ತೇನೆ.

ನಮ್ಮದು ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ಸೋನ್ಯಾಳದಲ್ಲಿದ್ದ ಒಂದು ಪಾಣಿ ವಾಪರ ಸಂಸ್ಥೆ. ನೀರು ಬಳಸುವ ರೈತರೇ ಸೇರಿ ಕಟ್ಟಿಕೊಂಡದ್ದು. ಪಂಪಿನ ಮನೆಯಿಂದ ಮೇಲೆತ್ತಿದ ನೀರು ಕೊಳವೆಯಲ್ಲಿ ಬರುತ್ತದೆ. ಯಾರ ಹೊಲಕ್ಕೆ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಪಾಳಿ ಹಾಕುವುದು ಸಂಸ್ಥೆಯ ಕೆಲಸ. ಕಾಗದವೆಲ್ಲ ಮರಾಠಿಯಲ್ಲಿ, ಜಗಳವೆಲ್ಲ ಕನ್ನಡದಲ್ಲಿ. ನಾನು ಸೇರಿದ್ದು ಮರಾಠಿ ಟೈಪಿಸ್ಟ್ ಆಗಿ. ಕಾರ್ಬನ್ ಹಾಳೆ ಇಟ್ಟು ಪಾಳಿಯ ಪಟ್ಟಿ ಹೊಡೆಯುತ್ತಿದ್ದೆ. ಬೆರಳ ತುದಿ ಸದಾ ನೀಲಿ. ಊಟಕ್ಕೆ ಕುಳಿತಾಗ ರೊಟ್ಟಿಯ ಮೇಲೂ ಆ ನೀಲಿ ಹತ್ತುತ್ತಿತ್ತು. ಈಗ ನೆನೆದರೆ ಅದೂ ರುಚಿಯಾಗಿಯೇ ಇತ್ತು ಅನಿಸುತ್ತದೆ.

ಸೇರಿದ ಹೊಸದರಲ್ಲೇ ಒಂದು ಎಡವಟ್ಟು ಮಾಡಿದೆ. ಹಿಂದಿನ ವಾರದ ಪಟ್ಟಿಯ ಅರ್ಧ, ಈ ವಾರದ ಪಟ್ಟಿಯ ಅರ್ಧ ಸೇರಿಸಿ ಒಂದೇ ಹಾಳೆ ಮಾಡಿಬಿಟ್ಟೆ. ಒಂದೇ ಗಂಟೆಗೆ ಇಬ್ಬರು ರೈತರು ಸನಿಕೆ ಹಿಡಿದು ವಾಲ್ವಿನ ಹತ್ತಿರ ಬಂದು ನಿಂತರು. ಅವರನ್ನು ಸಮಾಧಾನ ಮಾಡಿದವನು ಪಾಟಕರಿ ಬೀರಪ್ಪ. ಪಾಟಕರಿ ಎಂದರೆ ಪಾಳಿಯಂತೆ ವಾಲ್ವ್ ತೆರೆದು ಮುಚ್ಚುವವನು. ಸೊರಡಿ ಕಡೆಯ ಕುರುಬರ ಮನೆತನ, ಸೋನ್ಯಾಳದಲ್ಲಿ ನೆಲೆಸಿದವನು, ಕಡ್ಡಿಯಂಥ ಮೈ, ಮಾತು ಕಮ್ಮಿ. ಆ ಗಂಟೆಯನ್ನು ಅವನು ಇಬ್ಬರಿಗೂ ಸಮ ಪಾಲು ಮಾಡಿ ನೀರು ಬಿಟ್ಟು, ಸಂಜೆ ಕಚೇರಿಗೆ ಬಂದು ಮೆಲ್ಲಗೆ ಹೇಳಿದ:

“ಅಕ್ಕಾರ, ಒಂದ ತಾಸಿಗಿ ಇಬ್ಬರನ್ನ ಕರದೀರಿ. ಸಾಹೇಬ್ರಿಗಿ ನಾ ಹೇಳಿಲ್ಲ. ಹಾಳಿ ಬದಲಿ ಮಾಡ್ರಿ.”

ಅಷ್ಟೇ. ಮುಂದೆ ಒಂದು ಸಲವೂ ಆ ಮಾತು ಎತ್ತಲಿಲ್ಲ. ನನ್ನ ಹೊಸ ನೌಕರಿಯನ್ನು ಅವತ್ತು ಅವನೇ ಉಳಿಸಿದ ಎಂದು ನಾನು ಈಗಲೂ ನಂಬುತ್ತೇನೆ.

ಪಾಳಿ ಬದಲಾಗುವುದನ್ನು ನೋಡಬೇಕಿತ್ತು. ನೀರು ಮುಗಿಸುವವನು, ನೀರು ಹಿಡಿಯುವವನು ಇಬ್ಬರೂ ವಾಲ್ವಿನ ಹತ್ತಿರ ಬಂದಿರಲೇಬೇಕು. ಬೀರಪ್ಪ ತನ್ನ ಗಡಿಯಾರ ನೋಡಿ ಎಲ್ಲರಿಗೂ ಕೇಳುವಂತೆ ಟೈಮ್ ಕೂಗುವನು. ಇಬ್ಬರೂ ತಮ್ಮ ಗಡಿಯಾರ ನೋಡಿ ‘ಹೌದು’ ಎಂದ ಮೇಲೆಯೇ ಉದ್ದನೆಯ ಕಬ್ಬಿಣದ ಚಾವಿ ಹಾಕಿ ತಿರುಗಿಸುವನು. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಲೆ ಅಡಿಕೆ, ಮಗಳ ಮದುವೆ ಮಾತು, ಎತ್ತಿನ ಕಾಲಿನ ಮಾತು. ಬೈದಾಡಿಕೊಂಡವರೂ ಆ ಎರಡು ನಿಮಿಷ ಒಟ್ಟಿಗೆ ನಿಲ್ಲಬೇಕಾಗುತ್ತಿತ್ತು. ನಾನು ಕಚೇರಿಯ ಹೆಂಗಸು, ಆದರೂ ನೆಪ ಮಾಡಿಕೊಂಡು ಹೋಗಿ ನೋಡುತ್ತಿದ್ದೆ.

ಆಮೇಲೆ ಜೋಶಿ ಸಾಹೇಬರು ಬಂದರು. ಇಂಜಿನಿಯರು, ಮನೆಮಾತು ಮರಾಠಿ, ಕನ್ನಡ ಕಲಿತದ್ದು ನಮ್ಮ ರೈತರ ಬೈಗುಳದಿಂದ. ಕಚೇರಿಗೆ ಕಂಪ್ಯೂಟರ್ ತಂದು ಅದರಲ್ಲಿ ಲಿನಕ್ಸ್ ಹಾಕಿದರು. ಮೌಸ್ ಬಿಚ್ಚಿ ತಮ್ಮ ಕಪಾಟಿನಲ್ಲಿಟ್ಟು ಕೀಲಿ ಹಾಕಿಕೊಂಡರು.

“ಸಾಹೇಬ್ರ, ಮೌಸ್ ಇಲ್ದ ಹೆಂಗ ಮಾಡ್ಲಿ?” ಎಂದೆ.

“ಟೈಪಿಂಗ್ ಬರತೈತಲ್ಲ ನಿನಗ? ಹುಕುಮ್ ಬರದ ಕೊಡು, ಮಷೀನ್ ಕೇಳತೈತಿ. ತಪ್ಪಾದ್ರ ಮಷೀನ್ ಬೈಯುದಿಲ್ಲ, ಕಾಳಜಿ ಮಾಡಬ್ಯಾಡ. ನಾ ಬೈತೀನಿ.”

ಹೇಳಿದಂತೆ ಬೈದರು. ಮೂರು ತಿಂಗಳು ಮನೆಗೆ ಹೋಗಿ ಅತ್ತೆ. ನಾಲ್ಕನೆಯ ತಿಂಗಳಿಂದ ಆ ಕಪ್ಪು ಪರದೆಯ ಮೇಲಿನ ಬಿಳಿ ಅಕ್ಷರ ನನಗೆ ಒಲಿಯಿತು. ಬೈದು ಕಲಿಸುವ ಮೇಲಧಿಕಾರಿ ಸಿಕ್ಕರೆ ಓಡಿಹೋಗಬೇಡಿ. ಬೈಯದೆ, ಕಲಿಸದೆ, ಸಹಿ ಮಾತ್ರ ಹಾಕುವವರನ್ನೂ ಆಮೇಲೆ ಕಂಡಿದ್ದೇನೆ, ಅವರ ಹೆಸರೂ ನೆನಪಿಲ್ಲ.

ಕೆಲವು ವರ್ಷಗಳ ಮೇಲೆ ಪ್ರತಿ ವಾಲ್ವಿಗೂ ಒಂದು ಡಬ್ಬಿ ಕೂರಿಸಿದರು. ವಾಲ್ವ್ ತೆರೆದರೆ, ಮುಚ್ಚಿದರೆ ಡಬ್ಬಿ ಕಚೇರಿಯ ಒಳಕೋಣೆಯ ಸರ್ವರಿಗೆ ಸುದ್ದಿ ಕಳಿಸುತ್ತದೆ. ಡಬ್ಬಿಗೆ ತನ್ನದೇ ಗಡಿಯಾರವಿಲ್ಲ. ಸುದ್ದಿ ಬಂದ ಕ್ಷಣ ಸರ್ವರಿನ ಗಡಿಯಾರದಲ್ಲಿ ಎಷ್ಟು ಗಂಟೆಯೋ ಅದೇ ದಾಖಲೆ. ವಾರಕ್ಕೊಮ್ಮೆ ನಾನು ಅದನ್ನು ಪ್ರಿಂಟ್ ತೆಗೆದು ಹೊರಗಿನ ಫಲಕಕ್ಕೆ ಅಂಟಿಸುತ್ತಿದ್ದೆ. ಡಬ್ಬಿ ಬಂದ ಮೇಲೆ ರೈತರು ವಾಲ್ವಿನ ಹತ್ತಿರ ಬರುವುದನ್ನೇ ಬಿಟ್ಟರು. ‘ಹಾಳಿ ಹೇಳತೈತಲ್ಲ’ ಎನ್ನುತ್ತಿದ್ದರು. ಬೀರಪ್ಪ ಒಬ್ಬನೇ ನಿಂತು, ಯಾರೂ ಇಲ್ಲದ ಹೊಲಕ್ಕೆ ಟೈಮ್ ಕೂಗಿ, ಚಾವಿ ತಿರುಗಿಸುತ್ತಿದ್ದ. ನಮಗೆ ಅದು ನಗೆಯಾಗಿತ್ತು. ನಾನೂ ನಕ್ಕಿದ್ದೇನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಲಿನಕ್ಸಿನಲ್ಲಿ ಗಡಿಯಾರ ಸರಿಯಿಡಲು ಹಿನ್ನೆಲೆಯಲ್ಲಿ ಸದಾ ಓಡುವ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ. ನಮ್ಮ ಸರ್ವರಿನಲ್ಲಿ ಮೊದಲಿಂದ ಇದ್ದದ್ದರ ಹೆಸರು ಟೈಮ್‌ಸಿಂಕ್‌ಡಿ. ಅದು ಇಂಟರ್ನೆಟ್ಟಿನಿಂದ ಟೈಮ್ ಕೇಳಿಕೊಳ್ಳುತ್ತಿತ್ತು. ಆಗ ನಮ್ಮಲ್ಲಿ ಮುಂಜಾನೆ ಕರೆಂಟ್ ತೆಗೆಯುತ್ತಿದ್ದರು. ಸರ್ವರಿಗೆ ಬ್ಯಾಟರಿ ಇತ್ತು, ಇಂಟರ್ನೆಟ್ಟಿಗೆ ಇರಲಿಲ್ಲ. ಹಾಗಾಗಿ ಸಾಹೇಬರು, “ಪಂಪಿನ ಮನಿ ಮಷೀನಿಗೂ ಗಡಿಯಾರ ಐತಿ, ಅದಕ್ಕ ಬ್ಯಾಟರಿನೂ ಐತಿ. ನಮ್ಮ ಸರ್ವರ್ ಅದನ್ನ ಕೇಳ್ಲಿ” ಎಂದರು. ಅದಕ್ಕಾಗಿ ನಾನು ಕ್ರೋನಿ ಎಂಬ ಇನ್ನೊಂದು ಪ್ರೋಗ್ರಾಂ ಹಾಕಿದೆ. ಅದನ್ನು ಪದ್ಧತಿಯಂತೆ ಪ್ಯಾಕೇಜಾಗಿ ಹಾಕಿದ್ದರೆ ಹಳೆಯ ಟೈಮ್‌ಸಿಂಕ್‌ಡಿಯನ್ನು ಸಿಸ್ಟಮ್ಮೇ ತೆಗೆದುಹಾಕುತ್ತಿತ್ತು. ಆದರೆ ಅವತ್ತು ಇಂಟರ್ನೆಟ್ ಇರಲಿಲ್ಲ, ನನಗೆ ಕಾಯುವ ಗುಣ ಇರಲಿಲ್ಲ. ಪೆನ್‌ಡ್ರೈವಿನಲ್ಲಿ ಕ್ರೋನಿಯ ಮೂಲ ಕಡತ ತಂದು ಕೈಯಿಂದಲೇ ಕಟ್ಟಿ, ಕೈಯಿಂದಲೇ ಬರೆದ ನಾಲ್ಕು ಸಾಲಿನಿಂದ ಅದು ತಾನಾಗಿ ಶುರುವಾಗುವಂತೆ ಮಾಡಿದೆ. ವ್ಯತ್ಯಾಸ ಕಂಡಾಗಲೆಲ್ಲ ಗಡಿಯಾರವನ್ನು ಒಂದೇಟಿಗೆ ತಿದ್ದು ಎಂದೂ ಅದಕ್ಕೆ ಹುಕುಮ್ ಕೊಟ್ಟೆ. ಸಾಹೇಬರು ಅವತ್ತು ಬೈಯಲಿಲ್ಲ, “ಶಾಬಾಸ್” ಎಂದರು. ಹಿಗ್ಗಿದೆ. ಹಳೆಯದನ್ನು ನಿಲ್ಲಿಸಬೇಕು ಎಂಬುದು ತಲೆಗೇ ಬರಲಿಲ್ಲ.

ಇದಾಗಿ ಎರಡನೆಯ ವಾರವೇ ಶಿವಲಿಂಗಪ್ಪನವರು ಫಲಕದ ಹಾಳೆ ಕಿತ್ತುಕೊಂಡು ನನ್ನ ಮೇಜಿಗೆ ಬಂದರು. ಅವರದು ಬಾಲಗಾಂವದಿಂದ ಬಂದು ಸೋನ್ಯಾಳದಲ್ಲಿ ಅಂಗಡಿ ಹಾಕಿದ ಮನೆತನ. ಹಣೆಯ ಮೇಲೆ ದಪ್ಪ ವಿಭೂತಿ, ಮಾತು ಖಡಕ್ಕು. ಅಂಗಡಿ ಬಿಟ್ಟು ಹೊಲಕ್ಕೆ ಹೋಗುವವರಲ್ಲ, ಎಲ್ಲವನ್ನೂ ಕಾಗದದಲ್ಲೇ ನೋಡುವವರು.

“ನೋಡ್ರಿ ಅಕ್ಕಾರ. ನನ್ನ ಪಾಳಿ ಮುಂಜಾನಿ ಎಂಟಕ್ಕ. ನೀರ ಬಿಟ್ಟಿದ್ದು ಎಂಟು ಹನ್ನೊಂದಕ್ಕ. ಬಂದ್ ಮಾಡೂದು ಮಾತ್ರ ಬರಾಬರಿ ಹನ್ನೆರಡಕ್ಕ. ನನ್ನಕಿಂತ ಮದಲ ಯಾರ ಪಾಳಿ? ಮಾಳಪ್ಪಂದು. ಮಾಳಪ್ಪ ಯಾರು? ಬೀರಪ್ಪನ ಸ್ವಾದರಮಾವನ ಮಗ. ಇದಕ್ಕ ಏನಂತೀರಿ?”

ಹಿಂದಿನ ವಾರದ ಹಾಳೆಯನ್ನೂ ತೆಗೆದು ನೋಡಿದೆ. ಮುಂಜಾನೆ ಹೆಚ್ಚುಕಡಿಮೆ ಎಲ್ಲ ಹನ್ನೊಂದು ನಿಮಿಷ ತಡ, ಮಧ್ಯಾಹ್ನ ಬಹುತೇಕ ಸರಿ. ಒಂದು ಕಡೆಯಂತೂ, ಕಸ ತೊಳೆಯಲೆಂದು ಐದು ನಿಮಿಷ ತೆರೆದಿದ್ದ ವಾಲ್ವ್ ತೆರೆಯುವ ಮೊದಲೇ ಮುಚ್ಚಿದಂತೆ ದಾಖಲೆ ಇತ್ತು. ಅಲ್ಲೇ ನನಗೆ ಎಚ್ಚರವಾಗಬೇಕಿತ್ತು. ಡಬ್ಬಿ ಕೆಟ್ಟಿರಬೇಕು ಎಂದು ಆ ಸಾಲಿಗೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಹಾಕಿದೆ. ಶಿವಲಿಂಗಪ್ಪನವರ ಸಮಾಧಾನಕ್ಕೆ ಅವರ ಎದುರಿಗೇ ಸರ್ವರಿಗೆ ಟೈಮ್ ಕೇಳಿದೆ. ನನ್ನ ಫೋನಿನ ಟೈಮಿಗೆ ಸೆಕೆಂಡು ಸೆಕೆಂಡಿಗೆ ತಾಳೆಯಾಯಿತು. ಗಡಿಯಾರ ಸರಿಹೊಂದಿದೆಯೇ ಎಂದರೆ ‘ಯೆಸ್’ ಎಂದಿತು. ನಾನು ಕೇಳಿದ್ದು ಮಧ್ಯಾಹ್ನ ಮೂರು ಗಂಟೆಗೆ.

ಸಭೆ ಕರೆದರು. ಆಗಿನ ಚೇರಮನ್ನರು ನನ್ನನ್ನು ನಿಲ್ಲಿಸಿ ಕೇಳಿದರು. ಎಲ್ಲರ ಎದುರು ನಾನು ಹೇಳಿದ ಮಾತು ಇದು: “ಮಷೀನ್ ಸುಳ್ಳ ಹೇಳುದಿಲ್ರಿ.”

ಬೀರಪ್ಪ ನನ್ನ ಮುಖವನ್ನೇ ನೋಡಿದ. ಒಂದೇ ಒಂದು ಮಾತು ಆಡಿದ. “ನಾ ಟೈಮಿಗಿ ಬಿಟ್ಟೀನ್ರಿ.”

ಮುಂದಿನ ಸಭೆಯಲ್ಲಿ ಅವನನ್ನು ಕೆಲಸದಿಂದ ತೆಗೆಯುವ ತೀರ್ಮಾನ ಮಾಡುವುದು, ಅಲ್ಲಿಯವರೆಗೆ ಚಾವಿ ಕಚೇರಿಯಲ್ಲಿರುವುದು ಎಂದಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವನ ಹೆಗಲ ಮೇಲಿದ್ದ ಚಾವಿಯನ್ನು ನನ್ನ ಮೇಜಿನ ಮೇಲೆ ಸಪ್ಪಳವಾಗದ ಹಾಗೆ ಇಟ್ಟ. ಸ್ವಂತದವನಿಗೆ ನೀರು ಕೊಟ್ಟು ಪರರ ನೀರು ತಿಂದ ಎಂಬ ಹೆಸರು ಹೊತ್ತುಕೊಂಡು ಹೊರಟುಹೋದ. ನಮ್ಮ ಕಡೆ ಒಣ ನೆಲದಲ್ಲಿ ಇದಕ್ಕಿಂತ ದೊಡ್ಡ ಕಳವಿಲ್ಲ. ಮಾಳಪ್ಪನ ಮನೆಯವರೊಂದಿಗೂ ಜನ ಮಾತು ಬಿಟ್ಟರು. ಬೀರಪ್ಪನ ಹೆಸರಿದ್ದ ನೋಟಿಸನ್ನು ಟೈಪ್ ಮಾಡಿ ಫಲಕಕ್ಕೆ ಅಂಟಿಸಿದವಳು ನಾನೇ.

ಮೂರನೆಯ ದಿನ ಬೀರಪ್ಪ ಕಚೇರಿಯ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ.

“ಬಾರೋ ಬೀರಪ್ಪ, ಕುಂದ್ರು” ಎಂದೆ.

“ಕುಂದ್ರಾಕ ಬಂದಿಲ್ರಿ. ಒಂದ ಮಾತ ಕೇಳ್ಬೇಕಿತ್ತು. ನಿಮ್ಮ ಮಷೀನಿಗಿ ಟೈಮ್ ಯಾರ ಹೇಳ್ತಾರ್ರಿ?”

ನಗು ಬಂತು, ತಡೆದುಕೊಂಡೆ. “ಯಾಕ?”

“ನನಗ ರೇಡಿಯೊ ಹೇಳತೈತ್ರಿ. ದಿನಾ ಮುಂಜಾನಿ ಬಾತ್ಮಿ ಮದಲ ಟುಂಯ್ ಟುಂಯ್ ಅಂತೈತಲ್ಲ, ಆವಾಗ ಮುಳ್ಳ ಕೂಡಸ್ತೀನಿ. ಮತ್ತ ಯಾರನೂ ಕೇಳುದಿಲ್ಲ. ಇಬ್ಬರನ್ನ ಕೇಳಿದ್ರ ತಲಿ ಕೆಡತೈತಿ. ನಿಮ್ಮದಕ್ಕ ಯಾರ ಹೇಳ್ತಾರು?”

ಉತ್ತರ ಕೊಡಲು ಬಾಯಿ ತೆರೆದೆ. ‘ಪಂಪಿನ ಮನೆ’ ಎನ್ನಲು ಹೊರಟವಳಿಗೆ, ಹಾಗಾದರೆ ಹಳೆಯದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಆಗ ಮೊದಲ ಬಾರಿಗೆ ಎದುರಿಗೆ ಬಂತು. “ನಾಳಿ ಬಾ” ಎಂದೆ. ಅವನು ಹೋದ ಮೇಲೆ ಹಿನ್ನೆಲೆಯಲ್ಲಿ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೆಗೆಸಿದೆ. ಟೈಮ್‌ಸಿಂಕ್‌ಡಿ ಓಡುತ್ತಿತ್ತು. ಕ್ರೋನಿಯೂ ಓಡುತ್ತಿತ್ತು. ಪಂಪಿನ ಮನೆಗೆ ಫೋನ್ ಮಾಡಿ ಅಲ್ಲಿನ ಮಷೀನಿನಲ್ಲಿ ಟೈಮ್ ಎಷ್ಟು ಎಂದು ಕೇಳಿದೆ. ನನ್ನ ಫೋನಿಗಿಂತ ಹನ್ನೊಂದು ನಿಮಿಷ ಮುಂದಿತ್ತು. ಕೂರಿಸಿದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ಸಿಸ್ಟಮ್ಮು ತಾನೇ ಬರೆದಿಡುವ ದಿನಚರಿಯನ್ನು ತೆಗೆದು ಓದಿದೆ. ಮುಂಜಾನೆ ಇಂಟರ್ನೆಟ್ ಇಲ್ಲದಾಗ ಕ್ರೋನಿಯದೇ ರಾಜ್ಯ, ಗಡಿಯಾರ ಹನ್ನೊಂದು ನಿಮಿಷ ಮುಂದೆ. ಇಂಟರ್ನೆಟ್ ಬಂದೊಡನೆ ಟೈಮ್‌ಸಿಂಕ್‌ಡಿ ಅದನ್ನು ಹಿಂದಕ್ಕೆ ಎಳೆದು ಸರಿ ಮಾಡುತ್ತದೆ. ಕ್ರೋನಿ ನೋಡುತ್ತದೆ, ತಪ್ಪಾಗಿದೆ ಎಂದುಕೊಂಡು ಮತ್ತೆ ಮುಂದಕ್ಕೆ ತಳ್ಳುತ್ತದೆ, ಟೈಮ್‌ಸಿಂಕ್‌ಡಿ ಮತ್ತೆ ಹಿಂದಕ್ಕೆ ಎಳೆಯುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಯಜಮಾನರು, ಇಬ್ಬರೂ ತಾವು ಸರಿ ಎನ್ನುವವರು. ತೆರೆಯುವ ಮೊದಲೇ ವಾಲ್ವ್ ಮುಚ್ಚಿದ್ದೂ ಹೀಗೆಯೇ, ನಡುವೆ ಗಡಿಯಾರ ಹಿಂದಕ್ಕೆ ಬಂದಿತ್ತು. ಈ ಇಬ್ಬರಲ್ಲಿ ನಾನು ಯಾರನ್ನು ಕೇಳಿದ್ದರೂ ಆ ಹೊತ್ತಿಗೆ ‘ಯೆಸ್’ ಎಂದೇ ಹೇಳುತ್ತಿದ್ದರು.

ಟೈಮ್‌ಸಿಂಕ್‌ಡಿಯನ್ನು ನಿಲ್ಲಿಸಿ, ಮತ್ತೆ ಏಳದಂತೆ ಕಟ್ಟಿಹಾಕಿದೆ. ಪಂಪಿನ ಮನೆಯ ಗಡಿಯಾರ ಸರಿ ಮಾಡಿಸಿ, ಕ್ರೋನಿ ಒಂದೇ ಎಲ್ಲ ಕಡೆಯ ಟೈಮ್ ಕೇಳಿ ತಾಳೆ ನೋಡುವಂತೆ ಮಾಡಿದೆ. ಅರ್ಧ ಗಂಟೆಯ ಕೆಲಸ. ಆಮೇಲೆ ಜೋಶಿ ಸಾಹೇಬರ ಎದುರು ಹೋಗಿ ನಿಂತೆ. ಅವರು ಕನ್ನಡಕ ತೆಗೆದು ಒರೆಸುತ್ತ ಕುಳಿತರು.

“ಸರಿ ಮಾಡಿದಿ ಅಲ್ಲ? ಸಾಕು. ಡಬ್ಬಿ ಕೆಟ್ಟಿತ್ತು ಅಂತ ಹೇಳೂಣು. ಬೀರಪ್ಪನ ಚಾವಿ ಅಂವಗ ಕೊಡೂಣು. ನಿನ್ನ ಹೆಸರ ಯಾಕ?”

“ಡಬ್ಬಿ ಕೆಟ್ಟಿದ್ದಿಲ್ರಿ ಸಾಹೇಬ್ರ.”

“ನೌಕರಿಗಿ ಧಕ್ಕಾ ಬರತೈತಿ, ಹುಚ್ಚಿ.”

“ಅವನ ನೌಕರಿಗಿ ನಾ ಧಕ್ಕಾ ಕೊಟ್ಟಿಲ್ಲೇನ್ರಿ?”

ಅವರೊಂದಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಗಡಿಯಾರ ಸರಿ ಮಾಡಿದರೆ ಹಳೆಯ ಹಾಳೆ ಸರಿಯಾಗುವುದಿಲ್ಲ. ಆದರೆ ಗಡಿಯಾರ ಜಿಗಿದಾಗಲೆಲ್ಲ ಎಷ್ಟು ಜಿಗಿಯಿತು ಎಂಬುದು ದಿನಚರಿಯಲ್ಲಿ ಸಾಲು ಬಿದ್ದಿತ್ತು. ಅದನ್ನು ಪ್ರಿಂಟ್ ತೆಗೆದು, ಅಳತೆಪಟ್ಟಿ ಇಟ್ಟು, ಎರಡು ದಿನ ಕುಳಿತು ಪ್ರತಿಯೊಂದು ತೆರೆಯುವಿಕೆ, ಮುಚ್ಚುವಿಕೆಯ ನಿಜವಾದ ಸಮಯವನ್ನು ಕೈಯಿಂದ ಲೆಕ್ಕ ಹಾಕಿದೆ. ಎಂಟು ಹನ್ನೊಂದು ಎಂದಿದ್ದವೆಲ್ಲ ಎಂಟಕ್ಕೆ ಬಂದು ಕೂತವು. ಒಂದೊಂದೇ ಸರಿಯಾಗುತ್ತ ಹೋದಾಗ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಆ ಮನುಷ್ಯ ಬಿಸಿಲು ಚಳಿ ಎನ್ನದೆ, ನೋಡುವವರಿಲ್ಲದ ಹೊಲದಲ್ಲಿ, ನಿಮಿಷವೂ ತಪ್ಪಿಸಿರಲಿಲ್ಲ. ಒಂದು ದಿನ ಮಾತ್ರ ಹೊಂದಲಿಲ್ಲ. ಎಂಟು ಹದಿನೈದು ಎಂದಿತ್ತು. ಹನ್ನೊಂದು ಕಳೆದರೂ ನಾಲ್ಕು ಉಳಿಯಿತು. ಮೂರು ಸಲ ಲೆಕ್ಕ ಹಾಕಿದೆ, ನಾಲ್ಕು ನಾಲ್ಕಾಗಿಯೇ ಉಳಿಯಿತು.

ಸಭೆಯ ದಿನ ಮುಂಜಾನೆ ಬೀರಪ್ಪನನ್ನು ಕರೆಸಿ, ಕೂರಿಸಿ, ಎಲ್ಲ ಹೇಳಿದೆ. ನನ್ನ ತಪ್ಪು ಎಂದೆ. ಮೇಜಿನ ಮೇಲೆ ಹಾಳೆ ಬಿಡಿಸಿ ಸಾಲು ಸಾಲಾಗಿ ಓದಿದೆ. ಆ ಒಂದು ದಿನದ ಸಾಲು ಬಂದಾಗ ದಾಟಿ ಮುಂದಿನದಕ್ಕೆ ಹೋದೆ. ಅವನಿಗೆ ದಿನಗಳ ಲೆಕ್ಕ ಬಾಯಿಪಾಠ.

“ಸ್ವಾಮಾರದ್ದ ಬಿಟ್ರಿ” ಎಂದ.

“ಅದೊಂದ ನಾಕ ಮಿನಿಟ ಹೊಂದವಲ್ದು. ನನ್ನ ಲೆಕ್ಕದಾಗನ ಏನರೆ ತಪ್ಪ ಇದ್ದೀತು. ಬಿಟ್ಟಬಿಡೂಣು.”

ಬೀರಪ್ಪ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ. “ಲೆಕ್ಕ ಬರಾಬರಿ ಐತ್ರಿ. ಅವತ್ತ ದಾರ್ಯಾಗ ಒಂದ ಕುರಿ ಈಯಾಕತ್ತಿತ್ತು. ಮರಿ ಅರ್ಧಾ ಬಂದ ಸಿಕ್ಕೊಂಡಿತ್ತು, ಕುರಿ ಕಾಯಾಂವ ದೂರ ಇದ್ದ. ಬಿಟ್ಟ ಬರಾಕ ಆಗಲಿಲ್ಲ. ಬರೀರಿ.”

“ಈಗ ಬ್ಯಾಡೋ. ಇಷ್ಟ ದಿವಸ ಮಾತ ಕೇಳೀದಿ. ಶಿವಲಿಂಗಪ್ಪನವರು ಅದನ್ನ ಹಿಡಕೊಂಡ ಕುಂಡ್ರತಾರ.”

“ಹನ್ನೊಂದ ನಿಮ್ಮವ್ರಿ ಅಕ್ಕಾರ. ನಾಕ ನನ್ನವು. ಕೂಡಸಬ್ಯಾಡ್ರಿ.”

ನನ್ನ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡೆ. ಅವನು ಹೇಳಿದಂತೆಯೇ ಟೈಪ್ ಮಾಡಿದೆ.

ಸಭೆಯಲ್ಲಿ ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ತಪ್ಪು ಸರ್ವರಿನದಲ್ಲ, ಒಂದರ ಮೇಲೊಂದು ಪ್ರೋಗ್ರಾಂ ಹಾಕಿ ನೋಡದೆ ಬಿಟ್ಟ ನನ್ನದು ಎಂದೆ. ಜೋಶಿ ಸಾಹೇಬರು ಎದ್ದು ನಿಂತು, “ಪಂಪಿನ ಮನಿ ಗಡಿಯಾರ ಕೇಳು ಅಂದಾಂವ ನಾ. ಬರೀರಿ” ಎಂದರು. ಕಡೆಗೆ ಸೋಮವಾರದ ಸಾಲು ಓದಿದೆ: ನಾಲ್ಕು ನಿಮಿಷ ತಡ, ಪಾಟಕರಿಯ ತಪ್ಪು.

ಶಿವಲಿಂಗಪ್ಪನವರು ಎದ್ದು ಬಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡರು. ಬೆರಳಿಟ್ಟು ಆ ಸಾಲನ್ನು ತಾವೇ ಓದಿದರು.

“ಇದನ್ನ ಯಾರ ಬರಸಿದ್ರು?”

“ನಾನ ರಿ” ಎಂದ ಬೀರಪ್ಪ. ಕುರಿಯ ಮಾತನ್ನೂ ಹೇಳಿದ.

ಶಿವಲಿಂಗಪ್ಪನವರು ಹಾಳೆಯನ್ನು ಮಡಚಿದರು. ನನ್ನ ಮೇಜಿನ ಮೇಲಿದ್ದ ಚಾವಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಬೀರಪ್ಪನ ಎದುರಿಗೆ ಹೋಗಿ ನಿಂತರು. ಕ್ಷಮಿಸು ಎನ್ನುವುದು ಅವರಿಗೆ ಬರುವ ಮಾತಾಗಿರಲಿಲ್ಲ. ಚಾವಿ ಅವನ ಕೈಗಿಟ್ಟು, ಬಿಡದೆ ಹಾಗೆಯೇ ಹಿಡಿದುಕೊಂಡು ಕೇಳಿದರು:

“ಮರಿ ಉಳೀತೇನೋ?”

“ಉಳೀತ್ರಿ” ಎಂದ ಬೀರಪ್ಪ.